ಭಾರ ಎಲ್ಲಿ ಕೂರುತ್ತದೆ? ಬೈಕ್ ಸ್ಟ್ಯಾಂಡ್ ಆರಿಸುವ, ಬಳಸುವ ಬಗೆ

ಮಳೆಗಾಲದಲ್ಲಿ ಸಾಗರದಿಂದ ಹೊರಟು ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಒಮ್ಮೆ ಬೈಕಿನಲ್ಲಿ ಹೋಗಿ ಬನ್ನಿ. ಮೇಲಿಂದ ಮಳೆ, ಕೆಳಗಿಂದ ಕೆಸರು, ಕರಾವಳಿ ಮುಟ್ಟಿದ ಮೇಲೆ ಉಪ್ಪುಗಾಳಿ. ಮರುದಿನ ಬೆಳಿಗ್ಗೆ ನೋಡಿದರೆ ಚೈನಿನ ಮೇಲೆ ಕೆಂಪು ತುಕ್ಕಿನ ಪುಡಿ. ಗಾಡಿ ತಳ್ಳಿದರೆ ಕಿರ್ ಕಿರ್ ಸದ್ದು. ಇದಕ್ಕಾಗಿ ಗ್ಯಾರೇಜಿಗೆ ಹೋಗಿ ಸರದಿ ಕಾಯಬೇಕಿಲ್ಲ. ಒಂದು ಹಳೇ ಬಟ್ಟೆ, ಒಂದು ಬ್ರಶ್, ಸ್ವಲ್ಪ ಸೀಮೆಎಣ್ಣೆ, ಚೈನಿಗೆ ಹಚ್ಚುವ ಎಣ್ಣೆ ಇದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಆ ಅರ್ಧ ಗಂಟೆ ಹಿಂದಿನ ಚಕ್ರ ನೆಲ ಬಿಟ್ಟು ಸಲೀಸಾಗಿ ತಿರುಗುತ್ತಿರಬೇಕು. ನನ್ನ ಬೈಕಿಗೆ ಡಬಲ್ ಸ್ಟ್ಯಾಂಡ್ ಇರಲಿಲ್ಲ.

ಆಗ ನಾನು ಮಾಡಿದ್ದು ಊರಲ್ಲಿ ಎಲ್ಲರೂ ಮಾಡುವುದನ್ನೇ. ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿದೆ, ತಮ್ಮನಿಗೆ ಹಿಡಿದುಕೋ ಎಂದೆ, ಬಲಗಡೆ ಫ್ರೇಮಿನ ಕೆಳಗೆ ಒಂದು ಚಿರೇಕಲ್ಲು ಕೊಟ್ಟೆ. ಚಕ್ರ ಎದ್ದಿತು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಮಳೆಗೆ ನೆನೆದಿದ್ದ ಕಲ್ಲಿನ ಅಂಚು ಪುಡಿಯಾಯಿತು, ಗಾಡಿ ಬಲಕ್ಕೆ ಬಿತ್ತು. ತಮ್ಮನ ಪಾದ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಬಾಗಿದ ಬ್ರೇಕ್ ಲಿವರ್ ಹಿಡಿದುಕೊಂಡು ಗ್ಯಾರೇಜಿಗೆ ಹೋದಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ ಕತೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಎತ್ತೋದು ಯಾರು ಬೇಕಾದ್ರೂ ಎತ್ತುತ್ತಾರೆ ಮಾರಾಯ. ಎತ್ತಿದ ಮೇಲೆ ಭಾರ ಎಲ್ಲಿ ಕೂರ್ತದೆ ಅಂತ ಮೊದಲು ನೋಡಬೇಕು."

ಬೈಕ್ ಸ್ಟ್ಯಾಂಡ್ ಕೊಳ್ಳುವ ಮಾತು ಬಂದಾಗಲೆಲ್ಲ ನಾನು ಈ ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾವ ಕಂಪನಿ, ಯಾವ ಬಣ್ಣ, ಎಷ್ಟು ರಿಯಾಯಿತಿ ಎಂಬುದೆಲ್ಲ ಆಮೇಲಿನ ಮಾತು.

ಹೋದ ಸ್ಟ್ಯಾಂಡ್, ಬಯಲಾದ ಚೈನ್

ನಮ್ಮ ಅಪ್ಪಂದಿರ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ 250ಕ್ಕೆ ಡಬಲ್ ಸ್ಟ್ಯಾಂಡ್ ಇತ್ತು. ಚೈನ್ ಅಂತೂ ಪೂರ್ತಿ ತಗಡಿನ ಕವಚದೊಳಗೆ ಅಡಗಿತ್ತು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಊರೂರು ತುಂಬಿದ ಸ್ಪ್ಲೆಂಡರ್‌ಗೂ ಎರಡೂ ಇದ್ದವು. ಕವಚದೊಳಗಿನ ಚೈನಿಗೆ ಕೆಸರು ಸಿಡಿಯುವುದಿಲ್ಲ, ಹಚ್ಚಿದ ಎಣ್ಣೆ ಬೇಗ ಆರುವುದಿಲ್ಲ. ಇವತ್ತಿನ ಎಷ್ಟೋ ಬೈಕುಗಳಲ್ಲಿ ಚೈನ್ ಬಯಲಲ್ಲಿದೆ, ಡಬಲ್ ಸ್ಟ್ಯಾಂಡ್ ಮಾಯವಾಗಿದೆ. ಹೆಚ್ಚು ಆರೈಕೆ ಬೇಡುವ ಚೈನನ್ನು ಕೈಗಿಟ್ಟು, ಆರೈಕೆಗೆ ಬೇಕಾದ ಸ್ಟ್ಯಾಂಡನ್ನು ಕಿತ್ತುಕೊಂಡಂತಾಗಿದೆ.

ಕಂಪನಿಗಳಿಗೆ ಅವರದೇ ಕಾರಣಗಳಿವೆ. ಡಬಲ್ ಸ್ಟ್ಯಾಂಡ್ ಎಂದರೆ ಕೆಲವು ಕಿಲೋ ಕಬ್ಬಿಣ. ತಿರುವಿನಲ್ಲಿ ಬೈಕ್ ಚೆನ್ನಾಗಿ ವಾಲಿದಾಗ ಅದು ನೆಲಕ್ಕೆ ಉಜ್ಜುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗೆ ಸೈಲೆನ್ಸರ್ ತಂದು ಕೂರಿಸಿದ ಮಾದರಿಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಯಮಹಾ ಆರ್15, ಕೆಟಿಎಂ ಡ್ಯೂಕ್‌ಗಳಂಥ ಬೈಕುಗಳಿಗೆ ಅದು ಬರುವುದೇ ಇಲ್ಲ. ಕ್ಲಾಸಿಕ್ 350, ಸ್ಪ್ಲೆಂಡರ್‌ಗಳಿಗೆ ಈಗಲೂ ಬರುತ್ತದೆ.

ನಿಮ್ಮ ಗಾಡಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಹೊಸದೇನೂ ಕೊಳ್ಳಬೇಡಿ. ಭಾರ ನೇರ ಫ್ರೇಮಿನ ಮೇಲೆ, ಎರಡು ಅಗಲವಾದ ಕಾಲುಗಳ ಮೇಲೆ ಕೂರುವ ಅದರಷ್ಟು ಒಳ್ಳೆಯ ಸಾಧನ ಮನೆಗೆ ಬೇರೊಂದಿಲ್ಲ. ಇಲ್ಲದಿದ್ದರೆ, ನಿಮ್ಮ ಮಾದರಿಗೆ ಕಂಪನಿಯೇ ಬಿಡಿಭಾಗವಾಗಿ ಕೊಡುತ್ತದೆಯೇ ಎಂದು ಷೋರೂಮಿನಲ್ಲಿ ಕೇಳಿ. ಫ್ರೇಮಿನಲ್ಲಿ ಅದಕ್ಕೆಂದು ಜಾಗ ಇಲ್ಲದ ಗಾಡಿಗೆ ತುಂಡು ಬೆಸೆದು ಕೂರಿಸುವ ಸಾಹಸ ಮಾತ್ರ ಬೇಡ. ಫ್ರೇಮ್ ಗಾಡಿಯ ಬೆನ್ನೆಲುಬು. ಎಲ್ಲೆಂದರಲ್ಲಿ ವೆಲ್ಡಿಂಗ್ ಶಾಖ ತಾಗಿದರೆ ಅದರ ಗಟ್ಟಿತನ ಮೊದಲಿನಂತೆ ಉಳಿಯುವುದಿಲ್ಲ.

ಇರುವ ಡಬಲ್ ಸ್ಟ್ಯಾಂಡಿಗೂ ಆರೈಕೆ ಬೇಕು. ಮಳೆಗಾಲ ಕಳೆದ ಮೇಲೆ ಅದರ ತಿರುಗುಬೋಲ್ಟಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಸಡಿಲಾಗಿದೆಯೇ ನೋಡಿ. ಹತ್ತು ವರ್ಷ ದಾಟಿದ ಗಾಡಿಗಳಲ್ಲಿ ಸ್ಟ್ಯಾಂಡಿನ ಪಾದ ಸವೆದು, ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲಕ್ಕೆ ತಾಗಿಕೊಂಡೇ ಇರುತ್ತದೆ. ಪಾದಕ್ಕೆ ಒಂದು ಕಬ್ಬಿಣದ ಪಟ್ಟಿ ಬೆಸೆಸಿದರೆ ಸರಿಹೋಗುತ್ತದೆ. ಬೆಸೆಯುವಾಗ ಸ್ಟ್ಯಾಂಡನ್ನು ಗಾಡಿಯಿಂದ ಬಿಚ್ಚಿಯೇ ಒಯ್ಯಿರಿ. ಇಂದಿನ ಫ್ಯುಯಲ್ ಇಂಜೆಕ್ಷನ್ ಗಾಡಿಗಳ ಎಲೆಕ್ಟ್ರಾನಿಕ್ಸ್ ವೆಲ್ಡಿಂಗ್ ಕರೆಂಟನ್ನು ತಡೆಯುವಂಥದ್ದಲ್ಲ.

ಗಾಲಿಯಿರುವ ಸನ್ನೆಕೋಲು

ಡಬಲ್ ಸ್ಟ್ಯಾಂಡ್ ಇಲ್ಲದವರಿಗೆ ಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಿಂದಿನ ಚಕ್ರದ ಪ್ಯಾಡಾಕ್ ಸ್ಟ್ಯಾಂಡ್. ರೇಸಿನ ಅಂಗಳದಿಂದ ಬಂದದ್ದು, ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೂ ಕಾಣುತ್ತದೆ. ಇದು ಗಾಲಿ ಹಚ್ಚಿದ ಸನ್ನೆಕೋಲು, ಅಷ್ಟೇ. ಹಿಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದ ಲೋಹದ ತೋಳು ಇದೆಯಲ್ಲ, ಸ್ವಿಂಗ್ ಆರ್ಮ್, ಅದರ ಕೆಳಗೆ ಸ್ಟ್ಯಾಂಡಿನ ಎರಡು ಕೊಂಬು ಹೋಗಿ ಕೂರುತ್ತವೆ. ಹಿಂದಕ್ಕೆ ಚಾಚಿದ ಹಿಡಿಯನ್ನು ಕೆಳಗೆ ಒತ್ತಿದರೆ ಕೊಂಬುಗಳು ಮೇಲೆದ್ದು ಚಕ್ರವನ್ನು ಎತ್ತುತ್ತವೆ.

ಎಷ್ಟು ಬಲ ಬೇಕು? ಕ್ಲಾಸಿಕ್ 350ರ ತೂಕ 195 ಕಿಲೋ. ಹಿಂದಿನ ಚಕ್ರದ ಮೇಲೆ ಹೆಚ್ಚುಕಮ್ಮಿ ಅರ್ಧ ಎಂದು ಹಿಡಿಯಿರಿ, ನೂರರ ಹತ್ತಿರ. ಗಾಲಿಯಿಂದ ಕೊಂಬಿಗೆ 15 ಸೆಂಟಿಮೀಟರ್, ಗಾಲಿಯಿಂದ ಹಿಡಿಗೆ 60 ಸೆಂಟಿಮೀಟರ್ ಇದ್ದರೆ ನೀವು ಒತ್ತಬೇಕಾದದ್ದು ಸುಮಾರು 25 ಕಿಲೋ. ಸಿಮೆಂಟ್ ಚೀಲದ ಅರ್ಧ. ಅದಕ್ಕೇ ಹೇಳುವುದು, ಹಿಡಿ ಗಿಡ್ಡವಾಗಿರುವ ಅಗ್ಗದ ಸ್ಟ್ಯಾಂಡ್ ಅಗ್ಗವಲ್ಲ. ಹಿಡಿ ಗಿಡ್ಡವಾದಷ್ಟೂ ನೀವು ಹೆಚ್ಚು ಬಲ ಹಾಕುತ್ತೀರಿ, ಹೆಚ್ಚು ಬಲ ಹಾಕುವಾಗ ಗಾಡಿಯ ಮೇಲಿನ ಹಿಡಿತ ತಪ್ಪುತ್ತದೆ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಕೊಂಬಿನ ತುದಿ ಇಂಗ್ಲಿಷಿನ 'ವಿ' ಅಕ್ಷರದಂತಿದ್ದು, ಸ್ವಿಂಗ್ ಆರ್ಮಿಗೆ ತಿರುಗಿಸಿದ ಸ್ಪೂಲ್ ಎಂಬ ಗುಬುಟುಗಳನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದರಲ್ಲಿ ರಬ್ಬರ್ ಹೊದಿಸಿದ 'ಎಲ್' ಆಕಾರದ ಹಲಗೆಗಳಿದ್ದು, ಅವು ಸ್ವಿಂಗ್ ಆರ್ಮಿನ ತಳಕ್ಕೆ ಆಸರೆ ಕೊಡುತ್ತವೆ. ಆರಿಸುವ ಸ್ವಾತಂತ್ರ್ಯ ಇದ್ದರೆ ಕಣ್ಣುಮುಚ್ಚಿ ಸ್ಪೂಲ್ ಆರಿಸಿ. ಸ್ಪೂಲು ಕೊಂಬಿನೊಳಗೆ ಕೂತಿತೆಂದರೆ ಗಾಡಿ ಪಕ್ಕಕ್ಕೆ ಜಾರುವುದಿಲ್ಲ. ರಬ್ಬರ್ ಹಲಗೆಯ ಮೇಲೆ ಗಾಡಿ ಬರೇ ಕೂತಿರುತ್ತದೆ. ಎಣ್ಣೆ ತಾಗಿದ ರಬ್ಬರ್ ಜಾರುತ್ತದೆ, ಮರಳಿನ ಕಣ ಸೇರಿದ ರಬ್ಬರ್ ಬಣ್ಣ ಕೆರೆಯುತ್ತದೆ.

ಆದರೆ ಆರಿಸುವುದು ನಾವಲ್ಲ, ನಮ್ಮ ಸ್ವಿಂಗ್ ಆರ್ಮ್. ಚಕ್ರದ ಅಚ್ಚಿನ ಹತ್ತಿರ, ಎರಡೂ ಕಡೆ, ಮರೆಯಿರುವ ತೂತು ಇದೆಯೇ ನೋಡಿ. ಇದ್ದರೆ ಅದರ ಅಳತೆ 6, 8 ಅಥವಾ 10 ಮಿಲಿಮೀಟರ್ ಇರುತ್ತದೆ. ಸ್ಪೂಲ್ ಕೊಳ್ಳುವಾಗ ಅದೇ ಅಳತೆಯದು ಬೇಕು. ತಪ್ಪು ಅಳತೆಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಮರೆ ಕೆಡಿಸಿಕೊಂಡರೆ ಸ್ವಿಂಗ್ ಆರ್ಮೇ ಕೆಟ್ಟಂತೆ. ತೂತು ಇಲ್ಲವೆಂದಾದರೆ ಡ್ರಿಲ್ ಹಿಡಿದು ನೀವೇ ಕೊರೆಯಲು ಹೋಗಬೇಡಿ. 'ಎಲ್' ಹಲಗೆಯ ಸ್ಟ್ಯಾಂಡನ್ನೇ ತೆಗೆದುಕೊಳ್ಳಿ, ಹೆಚ್ಚು ಎಚ್ಚರದಿಂದ ಬಳಸಿ. ಎರಡು ಕಡೆ ಶಾಕ್ ಅಬ್ಸಾರ್ಬರ್ ಇರುವ, ದುಂಡು ಪೈಪಿನ ಸ್ವಿಂಗ್ ಆರ್ಮ್ ಇರುವ ಗಾಡಿಗಳಿಗೆ ಹಲಗೆ ಎಲ್ಲಿ ಕೂರುತ್ತದೆ, ಬಲಗಡೆ ಸೈಲೆನ್ಸರಿಗೆ ತಾಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಹಚ್ಚಿ ನೋಡುವುದು ಒಳ್ಳೆಯದು. ಆನ್‌ಲೈನಿನಲ್ಲಿ ಎಲ್ಲಾ ಬೈಕಿಗೂ ಹೊಂದುತ್ತದೆ ಎಂದು ಬರೆದಿರುತ್ತಾರೆ. ಎಲ್ಲಾ ಬೈಕಿಗೂ ಹೊಂದುವ ಸ್ಟ್ಯಾಂಡನ್ನು ನಾನಿನ್ನೂ ಕಂಡಿಲ್ಲ.

ಕೊಳ್ಳುವಾಗ ಸ್ಟ್ಯಾಂಡನ್ನು ತಲೆಕೆಳಗು ಮಾಡಿ ವೆಲ್ಡಿಂಗ್ ನೋಡಿ. ಬೆಸುಗೆಯ ಗೆರೆ ಪೈಪಿನ ಸುತ್ತ ಒಂದೇ ಸಮನಾಗಿ ಹರಿದಿರಬೇಕು; ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು ಮೇಲೆ ದಪ್ಪ ಪೇಂಟ್ ಬಳಿದಿದ್ದರೆ ಬಿಟ್ಟುಬಿಡಿ. ಗಾಲಿ ನೋಡಿ. ತೆಳು ಪ್ಲಾಸ್ಟಿಕ್ ಗಾಲಿ ಭಾರಕ್ಕೆ ಚಪ್ಪಟೆಯಾಗಿ ಒಂದು ಕಡೆ ಕುಸಿಯುತ್ತದೆ. ಅಗಲ ಹೆಚ್ಚು ಕಡಿಮೆ ಮಾಡುವ ಬೋಲ್ಟ್ ಬಿಗಿದ ಮೇಲೆ ಕೊಂಬು ಅಲ್ಲಾಡಬಾರದು.

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸುತ್ತೇನೆ ಎನ್ನುವವರಿಗೆ ನನ್ನ ಪೂರ್ಣ ಬೆಂಬಲವಿದೆ. ನಾನು ಬಳಸುತ್ತಿರುವುದೂ ಅಂಥದ್ದೇ. ಗೇಟು, ಕಿಟಕಿ ಸರಳು ಮಾಡುವವರಿಗೆ ಇದು ಕಷ್ಟದ ಕೆಲಸವಲ್ಲ. ಗಾಡಿಯನ್ನು ಅಲ್ಲಿಗೇ ಒಯ್ದು ನೇರ ನಿಲ್ಲಿಸಿ ಮೂರು ಅಳತೆ ಕೊಡಿ: ಸ್ವಿಂಗ್ ಆರ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟು ಅಗಲ, ನೆಲದಿಂದ ಅದರ ತಳಕ್ಕೆ ಎಷ್ಟು ಎತ್ತರ, ಹಿಂದಿನ ಟೈರು ದಾಟಿ ಹಿಡಿ ಎಷ್ಟು ಉದ್ದ ಚಾಚಬೇಕು. ಪೈಪು 14 ಗೇಜ್ ಇರಲಿ, ಅಂದರೆ ಸುಮಾರು 2 ಮಿಲಿಮೀಟರ್ ದಪ್ಪ. ಅದಕ್ಕಿಂತ ತೆಳುವಾದದ್ದು ಬಾಗಬಹುದು. ಚಕ್ರ ಮೂರು, ನಾಲ್ಕು ಸೆಂಟಿಮೀಟರ್ ಎದ್ದರೆ ಸಾಕು ಎಂದು ಖಡಾಖಂಡಿತ ಹೇಳಿ. "ಇನ್ನೂ ಸ್ವಲ್ಪ ಎತ್ತರ ಇರ್ಲಿ ಅಣ್ಣಾ" ಎಂದು ಅವರು ಒತ್ತಾಯಿಸುತ್ತಾರೆ. ಎತ್ತರ ಹೆಚ್ಚಿದಷ್ಟೂ ಗಾಡಿ ಮೂಗು ತಗ್ಗಿಸಿ ಮುಂದಕ್ಕೆ ಜಾರಲು ನೋಡುತ್ತದೆ.

ಮುಂದಿನ ಚಕ್ರ ಎತ್ತುವ ಸ್ಟ್ಯಾಂಡ್ ಹೆಚ್ಚಿನ ಮನೆಗಳಿಗೆ ಬೇಕಾಗುವುದಿಲ್ಲ. ಬೇಕೇ ಆದರೆ ನೆನಪಿಡಬೇಕಾದ ವ್ಯತ್ಯಾಸ ಒಂದೇ. ಫೋರ್ಕಿನ ಕಾಲುಗಳ ಅಡಿಗೆ ಆಸರೆ ಕೊಡುವ ಬಗೆಯಲ್ಲಿ ಚಕ್ರ ಬಿಚ್ಚಬಹುದು, ಫೋರ್ಕ್ ಬಿಚ್ಚಲಾಗದು, ಏಕೆಂದರೆ ಭಾರ ಕೂತಿರುವುದೇ ಫೋರ್ಕಿನ ಮೇಲೆ. ಹ್ಯಾಂಡಲಿನ ಬುಡದ ಕೊಳವೆಗೆ ಪಿನ್ ತೂರಿಸಿ ಎತ್ತುವ ಬಗೆಯಲ್ಲಿ ಎರಡನ್ನೂ ಬಿಚ್ಚಬಹುದು. ಎರಡರಲ್ಲಿ ಯಾವುದಾದರೂ, ಮೊದಲು ಹಿಂದಿನ ಚಕ್ರ ಎತ್ತಿ ಆಮೇಲೆ ಮುಂದಿನದು. ಇಳಿಸುವಾಗ ಮೊದಲು ಮುಂದಿನದು.

ಚೈನ್ ಮಾತ್ರ ಸ್ವಚ್ಛ ಮಾಡುವವರಿಗೆ ಇನ್ನೂ ಸಣ್ಣ ಸಾಧನವೊಂದಿದೆ. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆಯೇ ನಿಂತಿರುವಾಗ ಸ್ವಿಂಗ್ ಆರ್ಮಿನ ಬಲಗಡೆ ಒಂದು ಗಿಡ್ಡ ಊರುಗೋಲು ಕೊಟ್ಟು ಎತ್ತುವಂಥದ್ದು. ಸೈಡ್ ಸ್ಟ್ಯಾಂಡ್, ಮುಂದಿನ ಚಕ್ರ, ಈ ಊರುಗೋಲು, ಮೂರು ಕಾಲಿನ ಮೇಲೆ ಗಾಡಿ ನಿಲ್ಲುತ್ತದೆ. ಬ್ಯಾಗಿನಲ್ಲಿ ಹಿಡಿಸುವುದರಿಂದ ದೂರ ಪ್ರಯಾಣಕ್ಕೆ ಒಳ್ಳೆಯದು. ಆದರೆ ಬೋಲ್ಟು ಬಿಚ್ಚುವ, ಜಗ್ಗುವ ಯಾವ ಕೆಲಸವನ್ನೂ ಇದರ ಮೇಲೆ ಮಾಡಬಾರದು. ಕಾರಿನ ಜಾಕನ್ನು ಎಂಜಿನ್ ಕೆಳಗೆ ಇಡುವುದಂತೂ ಬೇಡವೇ ಬೇಡ. ಅಲ್ಲಿರುವುದು ಎಣ್ಣೆಯ ತೊಟ್ಟಿ, ಅದರ ಡ್ರೇನ್ ಬೋಲ್ಟು. ಭಾರ ಹೊರಲು ಮಾಡಿದ ಜಾಗವಲ್ಲ ಅದು.

ಎತ್ತುವ ಬಗೆ

ನೆಲ ಗಟ್ಟಿಯಾಗಿ, ಸಮತಟ್ಟಾಗಿ, ಒಣಗಿರಬೇಕು. ಸಿಮೆಂಟಿನ ನೆಲಕ್ಕೆ ಸಾಟಿ ಇಲ್ಲ. ಮಣ್ಣಿನ ಅಂಗಳವಾದರೆ ದಪ್ಪ ಹಲಗೆಯೊಂದನ್ನು ಹಾಸಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಬೇಡ, ಕೊಟ್ಟಿಗೆಯ ಅಥವಾ ಶೆಡ್ಡಿನ ಒಳಗೆ ಜಾಗ ಮಾಡಿಕೊಳ್ಳಿ. ನೆಲಮಾಳಿಗೆಯ ಪಾರ್ಕಿಂಗ್ ನೋಡಲು ಸಮತಟ್ಟಾಗಿದ್ದರೂ ನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಲೋಟ ನೀರು ಚೆಲ್ಲಿದರೆ ಗೊತ್ತಾಗುತ್ತದೆ. ಡಬಲ್ ಸ್ಟ್ಯಾಂಡ್ ಬಳಸುವವರು ಗಾಡಿಯ ಮೂತಿಯನ್ನು ಏರಿನ ಕಡೆಗೆ ಮಾಡಿ ನಿಲ್ಲಿಸಿ. ಆ ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಹಾಗಾಗಿ ಗಾಡಿ ಮುಂದಕ್ಕೆ ಸರಿದರೆ ತಾನಾಗಿ ಇಳಿದುಬಿಡುತ್ತದೆ. ಪ್ಯಾಡಾಕ್ ಸ್ಟ್ಯಾಂಡನ್ನು ಇಳಿಜಾರಿನಲ್ಲಿ ಬಳಸಲೇಬಾರದು. ಅದರ ಗಾಲಿಗೆ ಏರೂ ಒಂದೇ, ಇಳಿಯೂ ಒಂದೇ.

ಡಬಲ್ ಸ್ಟ್ಯಾಂಡ್ ಹಾಕುವಾಗ ಹೆಚ್ಚಿನವರು ಗಾಡಿಯನ್ನು ಕೈಯಿಂದ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ. ಕೈ ಎತ್ತುವುದಕ್ಕಲ್ಲ, ನೇರ ಹಿಡಿಯುವುದಕ್ಕೆ. ಎಡಗೈ ಹ್ಯಾಂಡಲಿಗೆ, ಬಲಗೈ ಸೀಟಿನ ಹಿಂದಿನ ಹಿಡಿಗೆ. ಬಲಗಾಲಿನಿಂದ ಸ್ಟ್ಯಾಂಡಿನ ಕೊಕ್ಕೆಯನ್ನು ಒತ್ತಿ, ಗಾಡಿಯನ್ನು ಅತ್ತಿತ್ತ ಕೊಂಚ ಆಡಿಸಿ. ಸ್ಟ್ಯಾಂಡಿನ ಎರಡೂ ಪಾದ ನೆಲಕ್ಕೆ ತಾಗಿದ್ದು ಕಾಲಿಗೆ ತಿಳಿಯುತ್ತದೆ. ಆಮೇಲೆ ಇಡೀ ಮೈಭಾರವನ್ನು ಆ ಕಾಲಿನ ಮೇಲೆ ಬಿಡಿ. ಗಾಡಿ ತಾನಾಗಿ ಹಿಂದಕ್ಕೆ ಹತ್ತಿ ಕೂರುತ್ತದೆ. ನಮ್ಮಮ್ಮ ಸ್ಕೂಟರನ್ನು ದಿನಾ ಹೀಗೇ ಏರಿಸುತ್ತಾರೆ. ಅವರಿಗೆ ಅರವತ್ತು ದಾಟಿದೆ.

ಪ್ಯಾಡಾಕ್ ಸ್ಟ್ಯಾಂಡಿನ ಕ್ರಮ ಬೇರೆ. ಮೊದಲ ಹತ್ತು ಸಲ ಪಕ್ಕದಲ್ಲಿ ಇನ್ನೊಬ್ಬರಿರಲಿ, ಅವರು ಬಲಗಡೆ ನಿಲ್ಲಲಿ. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ, ಹ್ಯಾಂಡಲ್ ನೇರವಾಗಿ. ಸ್ಟ್ಯಾಂಡನ್ನು ಹಿಂದಿನಿಂದ ತಂದು ಎಡಗಡೆಯ ಕೊಂಬನ್ನು ಸ್ಪೂಲಿನ ಹತ್ತಿರ ಇಡಿ. ಎಡಗೈಯಲ್ಲಿ ಸೀಟಿನ ಹಿಂದಿನ ಹಿಡಿಯನ್ನು ಹಿಡಿದು ಗಾಡಿಯನ್ನು ನೇರ ನಿಲ್ಲಿಸಿ, ಬಲಗೈಯಲ್ಲಿ ಸ್ಟ್ಯಾಂಡನ್ನು ಮುಂದೆ ಒತ್ತಿ ಎರಡೂ ಕೊಂಬು ಕಚ್ಚುವಂತೆ ಮಾಡಿ. ಕಚ್ಚಿದೆ ಎಂದು ಅಂದಾಜು ಮಾಡಬೇಡಿ, ಬಗ್ಗಿ ಕಣ್ಣಾರೆ ನೋಡಿ. ಒಂದು ಕಚ್ಚಿ ಇನ್ನೊಂದು ತಪ್ಪಿದಾಗಲೇ ಗಾಡಿ ಬೀಳುವುದು. ಆಮೇಲೆ ಹಿಡಿಯನ್ನು ನೇರ ಕೆಳಗೆ, ಒಂದೇ ಲಯದಲ್ಲಿ ನೆಲ ಮುಟ್ಟುವ ತನಕ ಒತ್ತಿ. ಅರ್ಧದಲ್ಲಿ ನಿಲ್ಲಿಸಬೇಡಿ.

ಸೈಡ್ ಸ್ಟ್ಯಾಂಡನ್ನು ಮಡಚಬೇಡಿ. ಗಾಡಿ ಎದ್ದ ಮೇಲೆ ಅದರ ಕೆಲಸ ಮುಗಿಯಿತೆಂದು ಕಾಲಲ್ಲಿ ಒದ್ದು ಮಡಚುವುದು ಹಲವರ ಅಭ್ಯಾಸ. ಅದು ಬಿಚ್ಚಿಕೊಂಡೇ ಇರಲಿ. ಏನಾದರೂ ತಪ್ಪಿ ಗಾಡಿ ಎಡಕ್ಕೆ ಬಂದರೆ ಹಿಡಿಯಲು ಅದೊಂದೇ ಇರುವುದು. ಮುಂದಿನ ಬ್ರೇಕ್ ಲಿವರನ್ನು ಒತ್ತಿ ಅಗಲವಾದ ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲಿಗೆ ಕಟ್ಟಿಬಿಡಿ. ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಸಾಕು. ಈಗ ಗಾಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಗಟ್ಟಿಯಾಗಿ ಕೂತಿದೆ ಎನ್ನುವುದು ಖಾತ್ರಿಯಾದ ಮೇಲೆಯೇ ಪಕ್ಕದಲ್ಲಿ ಕುಳಿತುಕೊಳ್ಳಿ. ಮಕ್ಕಳು ಆಡುವ ಜಾಗವಾದರೆ ಅವರನ್ನು ಒಳಗೆ ಕಳಿಸಿಯೇ ಕೆಲಸ ಶುರು ಮಾಡಿ. ತಿರುಗುವ ಚಕ್ರ ಕಂಡರೆ ಮಗುವಿನ ಕೈ ತಾನಾಗಿ ಮುಂದೆ ಬರುತ್ತದೆ.

ಎಂಜಿನ್ ಆಫ್, ಕೀಲಿ ಜೇಬಿನಲ್ಲಿ

ಸ್ಟ್ಯಾಂಡಿನ ಮೇಲೆ ಏರಿಸಿದ ಗಾಡಿಯನ್ನು ಸ್ಟಾರ್ಟ್ ಮಾಡಿ, ಒಂದನೇ ಗೇರಿಗೆ ಹಾಕಿ, ತಾನೇ ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಆಯುಧಪೂಜೆಯ ಹಿಂದಿನ ದಿನ ಬೀದಿಯಲ್ಲಿ ಹೀಗೆ ಮಾಡುವ ಹುಡುಗರನ್ನು ಕಂಡರೆ ನಾನು ನಿಂತು ಗಾಡಿ ಆಫ್ ಮಾಡಿಸಿಯೇ ಮುಂದೆ ಹೋಗುತ್ತೇನೆ. ದಯವಿಟ್ಟು ಒಂದು ಲೆಕ್ಕ ನೋಡಿ. 150 ಸಿಸಿ ಬೈಕೊಂದು ಒಂದನೇ ಗೇರಿನಲ್ಲಿ, ಎಕ್ಸಿಲರೇಟರ್ ಮುಟ್ಟದೆ ಇದ್ದಾಗಲೂ ಹಿಂದಿನ ಚಕ್ರ ಸೆಕೆಂಡಿಗೆ ಸುಮಾರು ಒಂದು ಸುತ್ತು ತಿರುಗುತ್ತದೆ. 428 ಅಳತೆಯ ಚೈನಿನ ಒಂದೊಂದು ಕೊಂಡಿಯ ಅಂತರ 12.7 ಮಿಲಿಮೀಟರ್. ಹಿಂದಿನ ಸ್ಪ್ರಾಕೆಟ್ಟಿಗೆ 45 ಹಲ್ಲು ಎಂದುಕೊಂಡರೆ ಸೆಕೆಂಡಿಗೆ ಅರ್ಧ ಮೀಟರಿಗೂ ಹೆಚ್ಚು ಚೈನ್ ಹಾದುಹೋಗುತ್ತದೆ. ಬಟ್ಟೆ ಸಿಕ್ಕಿಕೊಂಡಿತು ಎಂದು ನಿಮಗೆ ಅರಿವಾಗಿ ಕೈ ಹಿಂದೆ ಬರಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಹದಿನಾಲ್ಕು ಸೆಂಟಿಮೀಟರ್ ಚೈನ್ ಸ್ಪ್ರಾಕೆಟ್ಟಿನೊಳಗೆ ಹೋಗಿರುತ್ತದೆ, ಜೊತೆಗೆ ಬಟ್ಟೆಯೂ, ಬಟ್ಟೆ ಹಿಡಿದ ಬೆರಳೂ. ಬೆರಳು ಅದಕ್ಕಿಂತ ಎಷ್ಟೋ ಗಿಡ್ಡ.

ಸೈಡ್ ಸ್ಟ್ಯಾಂಡ್ ಬಿಚ್ಚಿಟ್ಟಿರಲು ಇದೂ ಒಂದು ಕಾರಣ. ಇತ್ತೀಚಿನ ಬಹಳಷ್ಟು ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿರುವಾಗ ಗೇರ್ ಹಾಕಿದರೆ ಎಂಜಿನ್ ನಿಂತುಬಿಡುತ್ತದೆ. ಎಂಜಿನ್ ಆಫ್ ಇರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಚಕ್ರವನ್ನು ಕೈಯಿಂದ, ಟೈರು ಹಿಡಿದು ಹಿಂದಕ್ಕೆ ತಿರುಗಿಸಿ. ಕೈಯಿಂದ ತಿರುಗಿಸಿದರೂ ಬೆರಳು ಸಿಕ್ಕಿಕೊಳ್ಳಬಲ್ಲದು. ಆದ್ದರಿಂದ ಒಂದು ಕೈ ಚಕ್ರದ ಮೇಲಿರುವಾಗ ಇನ್ನೊಂದು ಕೈ ಚೈನಿನ ಕೆಳ ಓಟದ ನಡುವೆ, ಸ್ಪ್ರಾಕೆಟ್ಟಿನಿಂದ ದೂರದಲ್ಲಿರಬೇಕು.

ಚೈನ್ ಕೆಲಸವನ್ನು ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಮಾಡಬೇಕು, ಮಳೆಯಲ್ಲಿ ನೆನೆದರೆ ಅದಕ್ಕೂ ಮುಂಚೆ. ಪೆಟ್ರೋಲ್ ಹಾಕಿ ತೊಳೆಯಬೇಡಿ. ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುವ ಚೈನುಗಳು ಈಗ ಎಷ್ಟೋ ಗಾಡಿಗಳಲ್ಲಿವೆ. ಪೆಟ್ರೋಲ್ ಆ ಉಂಗುರಗಳನ್ನು ಕೆಡಿಸುತ್ತದೆ. ತಂತಿ ಬ್ರಶ್ ಕೂಡ ಬೇಡ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಶ್, ಆಮೇಲೆ ಒಣ ಬಟ್ಟೆ. ಎಣ್ಣೆಯನ್ನು ಚೈನಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ ಕಡೆಯ ಮೈಗೆ ಹಾಕಿ. ಚಕ್ರ ತಿರುಗಿದಾಗ ಅದು ಹೊರಕ್ಕೆ ಹರಡಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಒಂದು ಹನಿಯೂ ಸಿಡಿಯದಂತೆ ಹಳೇ ರಟ್ಟು ಅಡ್ಡ ಹಿಡಿಯಿರಿ. ಸಂಜೆ ಮಾಡಿ ರಾತ್ರಿಯಿಡೀ ಬಿಟ್ಟರೆ ಎಣ್ಣೆ ಚೆನ್ನಾಗಿ ಹಿಡಿಯುತ್ತದೆ, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿಬಿಡಿ.

ಚೈನಿನ ಸಡಿಲ ಅಳೆಯುವಾಗ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ. ಡಬಲ್ ಸ್ಟ್ಯಾಂಡಿನ ಮೇಲೆ ಗಾಡಿಯ ಭಾರ ಫ್ರೇಮಿನ ಮೇಲಿದೆ, ಹಿಂದಿನ ಚಕ್ರ ಕೆಳಕ್ಕೆ ಜೋತುಬಿದ್ದಿದೆ. ಪ್ಯಾಡಾಕ್ ಸ್ಟ್ಯಾಂಡಿನ ಮೇಲೆ ಭಾರ ಸ್ವಿಂಗ್ ಆರ್ಮಿನ ಮೇಲಿದೆ, ಶಾಕ್ ಅಬ್ಸಾರ್ಬರ್ ನೆಲದ ಮೇಲಿದ್ದಾಗಿನಂತೆಯೇ ಅದುಮಿಕೊಂಡಿದೆ. ಎಂಜಿನ್ ಕಡೆಯ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಚಕ್ರದ ಅಚ್ಚು, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಚಕ್ರ ಮೇಲೆ ಕೆಳಗೆ ಆದಂತೆ ಸಡಿಲ ಬದಲಾಗುತ್ತದೆ. ಹಾಗಾಗಿ ಒಂದೇ ಗಾಡಿ, ಒಂದೇ ಚೈನ್, ಎರಡು ಸ್ಟ್ಯಾಂಡಿನಲ್ಲಿ ಎರಡು ಅಳತೆ ತೋರಿಸುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇಷ್ಟು ಮಿಲಿಮೀಟರ್ ಎಂದು ಬರೆದಿರುವ ಪಕ್ಕದಲ್ಲೇ ಯಾವ ಸ್ಟ್ಯಾಂಡಿನ ಮೇಲೆ ಅಳೆಯಬೇಕು ಎಂದೂ ಇರುತ್ತದೆ. ಆ ಸಾಲನ್ನು ಓದದೆ ಬಿಗಿದ ಚೈನ್, ಇಬ್ಬರು ಕೂತು ಹಂಪ್ ಹಾರಿದಾಗ ಬೇರಿಂಗನ್ನು ಎಳೆದು ಹಾಳುಮಾಡುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ಅಳೆಯಿರಿ ಎಂದಿದ್ದರೆ ಗಾಡಿಯನ್ನು ಇಳಿಸಿಯೇ ಅಳೆಯಬೇಕು.

ಎಂಜಿನ್ ಆಯಿಲ್ ಮಟ್ಟವೂ ಹಾಗೆಯೇ. ಪ್ಯಾಡಾಕ್ ಸ್ಟ್ಯಾಂಡ್ ಹಿಂಭಾಗವನ್ನು ಎತ್ತುವುದರಿಂದ ಎಣ್ಣೆ ಮುಂದಕ್ಕೆ ಸರಿದು ಕಿಂಡಿಯಲ್ಲಿ ತಪ್ಪು ಮಟ್ಟ ತೋರಬಹುದು. ಗಾಡಿಯನ್ನು ನೆಲದ ಮೇಲೆ ನೇರ ಹಿಡಿದು ನೋಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚುವ ಕೆಲಸವನ್ನಂತೂ ಪ್ಯಾಡಾಕ್ ಮೇಲೆ ಮಾಡಲೇಬೇಡಿ. ಸ್ಟ್ಯಾಂಡ್ ಹಿಡಿದಿರುವುದು ಸ್ವಿಂಗ್ ಆರ್ಮನ್ನು, ಸ್ವಿಂಗ್ ಆರ್ಮಿನ ಮೇಲೆ ಗಾಡಿಯನ್ನು ಹಿಡಿದಿರುವುದು ಆ ಶಾಕ್ ಅಬ್ಸಾರ್ಬರ್. ಬೋಲ್ಟ್ ಕಿತ್ತ ಕ್ಷಣ ಗಾಡಿಯ ಹಿಂಭಾಗ ಕುಸಿದು ಚಕ್ರದ ಮೇಲೆ ಬೀಳುತ್ತದೆ.

ಇಷ್ಟು ಬಿಟ್ಟರೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಚಕ್ರ ತಿರುಗಿಸಿ ಬಿಟ್ಟು ಎಷ್ಟು ಹೊತ್ತು ಸುತ್ತುತ್ತದೆ ನೋಡಿ. ಬೇಗ ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಟೈರನ್ನು ಎದುರುಬದುರು ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಬೇರಿಂಗ್ ಹೋಗಿದೆ. ಟೈರಿನ ಸುತ್ತ ಹುದುಗಿದ ಮೊಳೆ, ಗಾಜಿನ ಚೂರು ನಿಧಾನವಾಗಿ ಹುಡುಕಬಹುದು. ತಿಂಗಳುಗಟ್ಟಲೆ ಊರಿಗೆ ಬರದ ಮಕ್ಕಳ ಬೈಕನ್ನು ಮನೆಯಲ್ಲಿ ಇಟ್ಟುಕೊಂಡ ತಂದೆತಾಯಿಗೂ ಡಬಲ್ ಸ್ಟ್ಯಾಂಡ್ ಉಪಕಾರಿ. ಹಿಂದಿನ ಟೈರು ಒಂದೇ ಜಾಗದಲ್ಲಿ ಒತ್ತಿಕೊಂಡು ಚಪ್ಪಟೆಯಾಗುವುದು ತಪ್ಪುತ್ತದೆ.

ಇಳಿಸುವ ಹೊತ್ತು

ಕೆಲಸ ಮುಗಿಯಿತು, ಕೈ ಎಣ್ಣೆಯಾಗಿದೆ, ಒಳಗಿಂದ ಕಾಫಿಗೆ ಕರೆ ಬಂದಿದೆ. ನಾನು ಕಂಡ ಮಟ್ಟಿಗೆ ಗಾಡಿಗಳು ಬೀಳುವುದು ಈ ಹೊತ್ತಿನಲ್ಲಿ. ಮೊದಲು ಕೈ ತೊಳೆದು ಒರೆಸಿಕೊಳ್ಳಿ, ಜಾರುವ ಕೈಯಲ್ಲಿ ಗಾಡಿ ಹಿಡಿಯಬೇಡಿ. ನೆಲದ ಮೇಲೆ ಬಿದ್ದ ಸೀಮೆಎಣ್ಣೆಯ ಮೇಲೆ ಮರಳೋ ಮರದ ಪುಡಿಯೋ ಹಾಕಿ ಗುಡಿಸಿ. ಸೈಡ್ ಸ್ಟ್ಯಾಂಡ್ ಪೂರ್ತಿ ಬಿಚ್ಚಿಕೊಂಡಿದೆಯೇ ಎಂದು ಬಗ್ಗಿ ನೋಡಿ, ಕೈಯಿಂದ ಮುಂದಕ್ಕೆ ಎಳೆದು ಖಾತ್ರಿ ಮಾಡಿಕೊಳ್ಳಿ. ಗಾಡಿಯ ಎಡಕ್ಕೆ ನಿಂತು ಒಂದು ಕೈಯಲ್ಲಿ ಸೀಟಿನ ಹಿಂದಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟ್ಯಾಂಡಿನ ಹಿಡಿಯನ್ನು ನಿಧಾನ ಮೇಲೆತ್ತಿ. ಚಕ್ರ ನೆಲ ಮುಟ್ಟಿದ ಕ್ಷಣ ಗಾಡಿ ಬಲಕ್ಕೂ ಬೀಳಬಹುದು, ಎಡಕ್ಕೂ ಬೀಳಬಹುದು. ನೀವು ಅದನ್ನು ನಿಮ್ಮ ಕಡೆಗೆ, ಎಡಕ್ಕೆ, ಸೈಡ್ ಸ್ಟ್ಯಾಂಡಿನ ಮೇಲೆ ಮೆಲ್ಲಗೆ ವಾಲಿಸಿಕೊಳ್ಳಬೇಕು. ಭಾರ ಅಲ್ಲಿ ಪೂರ್ತಿ ಕೂತ ಮೇಲೆಯೇ ಪ್ಯಾಡಾಕ್ ಸ್ಟ್ಯಾಂಡನ್ನು ಹಿಂದಕ್ಕೆ ಎಳೆಯಿರಿ.

ಆಮೇಲೆ ಬ್ರೇಕ್ ಲಿವರಿಗೆ ಕಟ್ಟಿದ ಟ್ಯೂಬಿನ ತುಂಡು ಬಿಚ್ಚಿ. ಚಕ್ರ ಬಿಚ್ಚಿ ಹಾಕಿದ್ದರೆ ಅಚ್ಚಿನ ನಟ್ಟನ್ನು ಇನ್ನೊಮ್ಮೆ ಸ್ಪಾನರ್ ಹಾಕಿ ನೋಡಿ, ಬ್ರೇಕ್ ಪೆಡಲನ್ನು ಗಟ್ಟಿ ಬರುವ ತನಕ ನಾಲ್ಕೈದು ಸಲ ಒತ್ತಿ. ಕಾಫಿ ಕುಡಿದ ಮೇಲೆ ಬೀದಿಯ ತುದಿಯವರೆಗೆ ನಿಧಾನ ಹೋಗಿ, ಎರಡೂ ಬ್ರೇಕ್ ಹಿಡಿದು ನೋಡಿ, ತಿರುಗಿಸಿಕೊಂಡು ಬನ್ನಿ. ಕಿರ್ ಕಿರ್ ಸದ್ದು ಇರಬಾರದು.